ಮಂಡಿಯಲ್ಲಿ ನೋವು, ಸೊಂಟದಲ್ಲಿ ಕಾಯಿಲೆ: ಮಕ್ಕಳ ಬೊಜ್ಜು ಮತ್ತು ಬೆಳೆಯುವ ಮೂಳೆಗಳು

ಸುಮಾರು ಇಪ್ಪತ್ತೈದು ವರ್ಷಗಳ ಹಿಂದೆ, ನಾನು ಈ ದೇಶಕ್ಕೆ ಬಂದ ಹೊಸತರಲ್ಲಿ, ಲಂಡನ್ನಿನ ಒಂದು ಆಸ್ಪತ್ರೆಯ ತುರ್ತು ಚಿಕಿತ್ಸಾ ವಿಭಾಗದಲ್ಲಿ ಕಿರಿಯ ವೈದ್ಯನಾಗಿದ್ದೆ. ಒಂದು ಸಂಜೆ ಹನ್ನೆರಡು ವರ್ಷದ ಹುಡುಗನೊಬ್ಬನನ್ನು ಅವನ ತಾಯಿ ಕರೆತಂದರು. ಮೂರು ವಾರಗಳಿಂದ ಬಲ ಮಂಡಿಯಲ್ಲಿ ನೋವು. ಬಿದ್ದ ನೆನಪಿಲ್ಲ, ಪೆಟ್ಟಾದ ಗುರುತಿಲ್ಲ. ಹುಡುಗ ವಯಸ್ಸಿಗೆ ಮೀರಿದ ತೂಕದವನು. ನಾನು ಮಂಡಿಯನ್ನು ಒತ್ತಿ, ಮಡಿಸಿ, ಬಿಡಿಸಿ ನೋಡಿದೆ. ಊತವಿರಲಿಲ್ಲ. ಮಂಡಿಯ ಎಕ್ಸ್‌ರೇ ತೆಗೆಸಿದೆ. ಅದೂ ಸರಿಯಾಗಿಯೇ ಇತ್ತು. 'ಬೆಳೆಯುವ ವಯಸ್ಸಿನ ನೋವು, ಮೈಭಾರವೂ ಹೆಚ್ಚಾಗಿದೆ' ಎಂದು ಹೇಳಿ, ತೂಕ ಇಳಿಸುವ ಬಗ್ಗೆ ನಾಲ್ಕು ಮಾತಿನ ಉಪದೇಶವನ್ನೂ ಸೇರಿಸಿ, ಪ್ಯಾರಾಸಿಟಮಾಲ್ ಕೊಟ್ಟು ಕಳುಹಿಸಿದೆ.

ಹತ್ತು ದಿನಗಳ ನಂತರ ಅದೇ ಹುಡುಗ ಆಂಬ್ಯುಲೆನ್ಸಿನಲ್ಲಿ ಬಂದ. ಶಾಲೆಯ ಮೆಟ್ಟಿಲಿನ ಮೇಲೆ ಕಾಲು ತಿರುಚಿ ಕುಸಿದು ಬಿದ್ದಿದ್ದ, ಎದ್ದು ನಿಲ್ಲಲಾಗುತ್ತಿರಲಿಲ್ಲ. ಈ ಸಲ ಸೊಂಟದ ಎಕ್ಸ್‌ರೇ ತೆಗೆದರು. ಕಾಯಿಲೆ ಇದ್ದದ್ದು ಅಲ್ಲಿ. ಮೊದಲ ದಿನವೇ ನಾನು ಅವನ ತೊಡೆಯನ್ನು ಒಮ್ಮೆ ಮಡಿಸಿ ತಿರುಗಿಸಿ ನೋಡಿದ್ದರೆ ಅದು ತಿಳಿಯುತ್ತಿತ್ತು. ಅವನ ತೂಕ ನನ್ನನ್ನು ಎಚ್ಚರಿಸಬೇಕಿತ್ತು. ಅದರ ಬದಲು ನಾನು ತೂಕವನ್ನೇ ನೋವಿಗೆ ಉತ್ತರವೆಂದು ಭಾವಿಸಿ ಮುಂದೆ ನೋಡುವುದನ್ನು ನಿಲ್ಲಿಸಿದ್ದೆ.

ಈ ತಪ್ಪು ನನ್ನೊಬ್ಬನದಲ್ಲ. ಇಂದಿಗೂ ಹಲವೆಡೆ ನಡೆಯುತ್ತಿದೆ. ವೈದ್ಯರಷ್ಟೇ ಅಲ್ಲ, ತಂದೆತಾಯಿಯರೂ ಅಜ್ಜ-ಅಜ್ಜಿಯರೂ ಇದೇ ರೀತಿ ಯೋಚಿಸುತ್ತಾರೆ. ಆದ್ದರಿಂದ ಬಾಲ್ಯದ ಬೊಜ್ಜಿಗೂ ಸೊಂಟ ಮತ್ತು ಕಾಲಿನ ಮೂಳೆಗಳ ಕಾಯಿಲೆಗಳಿಗೂ ಇರುವ ಸಂಬಂಧವನ್ನು ಕನ್ನಡದಲ್ಲಿ ವಿವರವಾಗಿ ಹೇಳುವ ಅಗತ್ಯವಿದೆ ಎನಿಸಿ ಈ ಲೇಖನವನ್ನು ಬರೆಯುತ್ತಿದ್ದೇನೆ.

ಬೆಳೆಯುವ ಮೂಳೆಯ ರಚನೆ

ಮೊದಲು ಒಂದು ಪದದ ಸ್ಪಷ್ಟನೆ. ಕನ್ನಡದಲ್ಲಿ 'ಸೊಂಟ ನೋವು' ಎಂದರೆ ಸಾಮಾನ್ಯವಾಗಿ ಬೆನ್ನಿನ ಕೆಳಭಾಗದ ನೋವು ಎಂದೇ ಅರ್ಥ. ಇಲ್ಲಿ ನಾನು ಹೇಳುತ್ತಿರುವುದು ಸೊಂಟದ ಕೀಲಿನ ವಿಷಯ. ಅಂದರೆ ತೊಡೆಮೂಳೆಯ ಮೇಲ್ತುದಿಯ ಗುಂಡು ಭಾಗವು ಕಟಿಯ ಮೂಳೆಯ ಬಟ್ಟಲಿನಲ್ಲಿ ಕೂಡುವ ಜಾಗ. ಅದು ತೊಡೆಸಂದಿನ ಆಳದಲ್ಲಿದೆ. ಹೊರಗಿನಿಂದ ಮುಟ್ಟಿ ನೋಡಲು ಸಿಗುವುದಿಲ್ಲ.

ಮಕ್ಕಳ ಮೂಳೆ ದೊಡ್ಡವರ ಮೂಳೆಯ ಚಿಕ್ಕ ಪ್ರತಿಯಲ್ಲ. ಉದ್ದನೆಯ ಮೂಳೆಗಳ ತುದಿಯ ಬಳಿ ಮೃದ್ವಸ್ಥಿಯ ಒಂದು ತೆಳು ಪದರವಿರುತ್ತದೆ. ಇದನ್ನು ಬೆಳವಣಿಗೆಯ ಫಲಕ ಎನ್ನಬಹುದು. ಇಲ್ಲಿ ಹೊಸ ಮೃದ್ವಸ್ಥಿಯ ಕಣಗಳು ಹುಟ್ಟಿ, ಸಾಲಾಗಿ ನಿಂತು, ಉಬ್ಬಿ, ಕೊನೆಗೆ ಗಟ್ಟಿ ಮೂಳೆಯಾಗಿ ಮಾರ್ಪಡುತ್ತವೆ. ಎತ್ತರ ಹೆಚ್ಚುವುದು ಹೀಗೆ. ಆದರೆ ಬೆಳವಣಿಗೆ ನಡೆಯುವ ಈ ಜಾಗವೇ ಮೂಳೆಯ ಅತಿ ದುರ್ಬಲ ಜಾಗವೂ ಹೌದು. ಪ್ರೌಢಾವಸ್ಥೆಗೆ ಕಾಲಿಡುವಾಗ ಎತ್ತರ ಸರಸರನೆ ಏರುವುದರಿಂದ ಫಲಕ ದಪ್ಪವಾಗುತ್ತದೆ, ಅದನ್ನು ಸುತ್ತುವರಿದು ಬಿಗಿಹಿಡಿಯುವ ಉಂಗುರದಂಥ ಪೊರೆ ತೆಳುವಾಗುತ್ತದೆ. ಅದೇ ಹೊತ್ತಿನಲ್ಲಿ ದೇಹದ ತೂಕ ಅತಿಯಾದರೆ ಫಲಕ ಸೋಲಬಹುದು. ಅದು ಸೋಲುವುದು ಎರಡು ಬಗೆಯಲ್ಲಿ. ಒಂದು, ಜಾರುವುದು, ಇದು ಸೊಂಟದಲ್ಲಿ. ಇನ್ನೊಂದು, ಒಂದು ಪಕ್ಕದಲ್ಲಿ ಬೆಳವಣಿಗೆ ನಿಧಾನವಾಗಿ ಮೂಳೆ ಬಾಗುವುದು. ಇದು ಮಂಡಿಯ ಕೆಳಗೆ.

ಜಾರಿದ ತಲೆ

ಮೊದಲನೆಯ ಕಾಯಿಲೆಗೆ ಬ್ರಿಟನ್ನಿನಲ್ಲಿ ಸ್ಲಿಪ್ಡ್ ಅಪ್ಪರ್ ಫೀಮರಲ್ ಎಪಿಫಿಸಿಸ್ ಎಂಬ ಉದ್ದನೆಯ ಹೆಸರಿದೆ. ಆಸ್ಪತ್ರೆಗಳಲ್ಲಿ ಚಿಕ್ಕದಾಗಿ 'ಸೂಫಿ' ಎನ್ನುತ್ತಾರೆ. ತೊಡೆಮೂಳೆಯ ತಲೆಯು ಬೆಳವಣಿಗೆಯ ಫಲಕದ ಮಟ್ಟದಲ್ಲಿ ಕತ್ತಿನಿಂದ ಜಾರುವುದೇ ಇದರ ಸ್ವರೂಪ. ಕಲಶದ ಮೇಲಿಟ್ಟ ತೆಂಗಿನಕಾಯಿ ಓರೆಯಾಗಿ ಹಿಂದಕ್ಕೆ ವಾಲಿದರೆ ಹೇಗಿರುತ್ತದೆಯೋ, ಎಕ್ಸ್‌ರೇಯಲ್ಲಿ ಕಾಣುವ ಚಿತ್ರವೂ ಹಾಗೆಯೇ. ವಾಸ್ತವದಲ್ಲಿ ತಲೆ ತನ್ನ ಬಟ್ಟಲಿನಲ್ಲೇ ಉಳಿಯುತ್ತದೆ. ಕೆಳಗಿನ ಮೂಳೆ ಮುಂದಕ್ಕೂ ಹೊರಕ್ಕೂ ಸರಿಯುತ್ತದೆ. ಫ್ರಾನ್ಸಿನ ಶಸ್ತ್ರವೈದ್ಯ ಅಂಬ್ರಾಸ್ ಪಾರೆ 1572ರಲ್ಲಿಯೇ ಇದನ್ನು ಗುರುತಿಸಿದ್ದನೆಂದು ವೈದ್ಯಕೀಯ ಇತಿಹಾಸ ಹೇಳುತ್ತದೆ.

ಈ ಕಾಯಿಲೆ ಹೆಚ್ಚಾಗಿ ಕಾಣುವುದು ಹುಡುಗಿಯರಲ್ಲಿ ಹತ್ತರಿಂದ ಹದಿಮೂರು, ಹುಡುಗರಲ್ಲಿ ಹನ್ನೆರಡರಿಂದ ಹದಿನೈದು ವರ್ಷದ ಆಸುಪಾಸಿನಲ್ಲಿ. ಹುಡುಗರಲ್ಲಿ ಹೆಚ್ಚು. ವರ್ಷಕ್ಕೆ ಒಂದು ಲಕ್ಷ ಮಕ್ಕಳಲ್ಲಿ ಕೈಬೆರಳೆಣಿಕೆಯಷ್ಟು ಮಂದಿಗೆ ಮಾತ್ರ ಬರುವ ಕಾಯಿಲೆಯಿದು. ಒಬ್ಬ ಕುಟುಂಬ ವೈದ್ಯರು ತಮ್ಮ ಇಡೀ ವೃತ್ತಿಜೀವನದಲ್ಲಿ ಒಂದೆರಡು ಪ್ರಕರಣಗಳನ್ನಷ್ಟೇ ನೋಡಿರಬಹುದು. ಅದು ಕಣ್ತಪ್ಪಿ ಹೋಗಲು ಈ ಅಪರೂಪವೂ ಒಂದು ಕಾರಣ.

ತೂಕದೊಂದಿಗೆ ಇದರ ನಂಟು ಈಗ ಊಹೆಯ ವಿಷಯವಲ್ಲ. ಸ್ಕಾಟ್ಲೆಂಡಿನಲ್ಲಿ 1981ರಿಂದ 2000ದ ನಡುವೆ ಈ ಕಾಯಿಲೆಯ ಪ್ರಮಾಣ ಸುಮಾರು ಎರಡೂವರೆ ಪಟ್ಟಾಯಿತು. ಮಕ್ಕಳ ಬೊಜ್ಜು ಏರಿದ ಕಾಲವೂ ಅದೇ. ಲಿವರ್‌ಪೂಲ್ ವಿಶ್ವವಿದ್ಯಾಲಯದ ಡೇನಿಯಲ್ ಪೆರಿ ಮತ್ತು ಸಂಗಡಿಗರು 2018ರಲ್ಲಿ ಪ್ರಕಟಿಸಿದ ಅಧ್ಯಯನ ಇನ್ನೂ ನಿಖರವಾದುದು. ಸ್ಕಾಟ್ಲೆಂಡಿನ ಶಾಲೆಗಳಲ್ಲಿ ತೂಕ-ಎತ್ತರ ಅಳೆಯಲಾಗಿದ್ದ ಸುಮಾರು ಆರು ಲಕ್ಷ ಮಕ್ಕಳ ದಾಖಲೆಗಳನ್ನು ಅವರು ಆಸ್ಪತ್ರೆಯ ದಾಖಲೆಗಳೊಂದಿಗೆ ಹೋಲಿಸಿದರು. 5-6 ವರ್ಷದಲ್ಲಿ ತೀವ್ರ ಬೊಜ್ಜಿದ್ದ ಮಕ್ಕಳಿಗೆ ಸಹಜ ತೂಕದ ಮಕ್ಕಳಿಗಿಂತ ಈ ಕಾಯಿಲೆಯ ಅಪಾಯ 5.9 ಪಟ್ಟು ಹೆಚ್ಚಿತ್ತು. 11-12 ವರ್ಷದಲ್ಲಿ ತೀವ್ರ ಬೊಜ್ಜಿದ್ದವರಿಗೆ 17 ಪಟ್ಟು. ಐದಾರು ವರ್ಷದಲ್ಲಿ ಬೊಜ್ಜಿದ್ದ ಮಕ್ಕಳ ಪೈಕಿ ನಾಲ್ಕರಲ್ಲಿ ಮೂರು ಪಾಲಿನಷ್ಟು ಮಂದಿ ಹನ್ನೆರಡರ ಹೊತ್ತಿಗೂ ಹಾಗೆಯೇ ಉಳಿದಿದ್ದರು. 'ದೊಡ್ಡವನಾದಂತೆ ಮೈ ಕರಗುತ್ತದೆ' ಎಂಬ ನಮ್ಮ ಮನೆಮಾತು ಬಹುಪಾಲು ಮಕ್ಕಳ ವಿಷಯದಲ್ಲಿ ನಿಜವಾಗುವುದಿಲ್ಲ.

ಕಾರಣ ಕೇವಲ ಭಾರವಲ್ಲ. ಓಡುವಾಗ ಸೊಂಟದ ಕೀಲಿನ ಮೇಲೆ ದೇಹದ ತೂಕದ ಹಲವು ಪಟ್ಟು ಒತ್ತಡ ಬೀಳುತ್ತದೆ. ತೂಕ ಹೆಚ್ಚಿರುವ ಮಕ್ಕಳಲ್ಲಿ ತೊಡೆಮೂಳೆಯ ಕತ್ತು ತುಸು ಹಿಂದಕ್ಕೆ ತಿರುಗಿರುವುದು ಸಾಮಾನ್ಯ. ಇದರಿಂದ ಫಲಕದ ಮೇಲೆ ಜಾರಿಸುವ ಬಲ ಇನ್ನಷ್ಟು ಹೆಚ್ಚುತ್ತದೆ. ಹಾರ್ಮೋನುಗಳ ಪಾತ್ರವೂ ಇದೆ. ಥೈರಾಯಿಡ್ ಕೊರತೆ, ಬೆಳವಣಿಗೆಯ ಹಾರ್ಮೋನಿನ ಕೊರತೆ, ಮೂತ್ರಪಿಂಡದ ದೀರ್ಘ ಕಾಯಿಲೆಗಳಿರುವ ಮಕ್ಕಳಲ್ಲಿ ತೂಕ ಹೆಚ್ಚಿಲ್ಲದಿದ್ದರೂ ತಲೆ ಜಾರಬಹುದು. ಹಾಗಾಗಿ ಹತ್ತಕ್ಕಿಂತ ಕಿರಿಯ ಮಗುವಿಗೆ, ಅಥವಾ ವಯಸ್ಸಿಗೆ ತಕ್ಕ ಎತ್ತರವಿಲ್ಲದ ಮಗುವಿಗೆ ಈ ಕಾಯಿಲೆ ಬಂದರೆ ರಕ್ತಪರೀಕ್ಷೆಗಳನ್ನೂ ಮಾಡಿಸುತ್ತಾರೆ.

ನೋವು ಒಂದೆಡೆ, ಮೂಲ ಇನ್ನೊಂದೆಡೆ

ಸೊಂಟದ ಕೀಲಿಗೂ ಮಂಡಿಯ ಒಳಭಾಗಕ್ಕೂ ಸಂವೇದನೆ ಒದಗಿಸುವ ನರಗಳಲ್ಲಿ ಆಬ್ಟ್ಯುರೇಟರ್ ಎಂಬ ನರ ಸಾಮಾನ್ಯವಾದುದು. ಕೀಲಿನಲ್ಲಿ ತೊಂದರೆಯಾದಾಗ ಮೆದುಳು ನೋವಿನ ವಿಳಾಸವನ್ನು ತಪ್ಪಾಗಿ ಓದುತ್ತದೆ; ಮಗು ಪ್ರಾಮಾಣಿಕವಾಗಿಯೇ ಮಂಡಿಯನ್ನು ತೋರಿಸುತ್ತದೆ. ಕೆಲವು ಮಕ್ಕಳಿಗೆ ತೊಡೆಸಂದಿನಲ್ಲೋ ತೊಡೆಯಲ್ಲೋ ನೋವಿರಬಹುದು. ಕೆಲವರಿಗೆ ನೋವು ಅತ್ಯಲ್ಪ, ಕುಂಟು ಮಾತ್ರ. ಮಂಡಿಯ ನೋವಿನೊಂದಿಗೆ ಬಂದ ಮಕ್ಕಳಲ್ಲಿಯೇ ರೋಗನಿರ್ಣಯ ಹೆಚ್ಚು ತಡವಾಗುತ್ತದೆ.

ಮನೆಯವರು ಗಮನಿಸಬಹುದಾದ ಲಕ್ಷಣಗಳು ಹೀಗಿವೆ. ಮಗು ಕುಂಟುತ್ತದೆ. ನಡೆಯುವಾಗ ಒಂದು ಪಾದ ಇನ್ನೊಂದಕ್ಕಿಂತ ಹೊರಕ್ಕೆ ತಿರುಗಿರುತ್ತದೆ. ಚಕ್ಕಳಮಕ್ಕಳ ಹಾಕಿ ಕೂರುವುದು ಸುಲಭವಿದ್ದರೂ ತೊಡೆಯನ್ನು ಒಳಕ್ಕೆ ತಿರುಗಿಸುವುದು ಕಷ್ಟವಾಗುತ್ತದೆ. ಅಂಗಾತ ಮಲಗಿಸಿ ಮಂಡಿಯನ್ನು ಎದೆಯತ್ತ ನಿಧಾನವಾಗಿ ಮಡಿಸಿದರೆ ತೊಡೆ ನೇರ ಮೇಲೆ ಬರದೆ ತಾನಾಗಿ ಹೊರಕ್ಕೆ ವಾಲುತ್ತದೆ. ಈ ಕೊನೆಯದನ್ನು ವೈದ್ಯರು ಡ್ರೆಹ್‌ಮನ್ ಚಿಹ್ನೆ ಎನ್ನುತ್ತಾರೆ. ಅದನ್ನು ವೈದ್ಯರೇ ನೋಡಲಿ, ಮನೆಯಲ್ಲಿ ಪ್ರಯೋಗ ಬೇಡ.

ಎಕ್ಸ್‌ರೇಯನ್ನು ಎರಡೂ ಸೊಂಟಗಳಿಗೆ, ಎದುರಿನಿಂದಲೂ ಪಕ್ಕದಿಂದಲೂ ತೆಗೆಯಬೇಕು. ಆರಂಭದ ಜಾರುವಿಕೆ ಎದುರಿನ ಚಿತ್ರದಲ್ಲಿ ಕಾಣದೆ ಪಕ್ಕದ ಚಿತ್ರದಲ್ಲಿ ಮಾತ್ರ ಕಾಣಬಹುದು. ತೊಡೆಮೂಳೆಯ ಕತ್ತಿನ ಮೇಲಂಚಿನ ಗುಂಟ ಒಂದು ಗೆರೆ ಎಳೆದರೆ, ಆರೋಗ್ಯವಂತ ಕೀಲಿನಲ್ಲಿ ಅದು ತಲೆಯ ಒಂದು ಭಾಗವನ್ನು ಕತ್ತರಿಸಿಕೊಂಡು ಹೋಗುತ್ತದೆ. ತಲೆ ಜಾರಿದ್ದರೆ ಅದರ ಮೇಲಿನಿಂದಲೇ ದಾಟಿಹೋಗುತ್ತದೆ. ಇದಕ್ಕೆ ಲಂಡನ್ನಿನ ಗೈಸ್ ಆಸ್ಪತ್ರೆಯ ಮೂಳೆ ಶಸ್ತ್ರಚಿಕಿತ್ಸಕ ಟ್ರೆಥೊವನ್ ಅವರ ಹೆಸರಿದೆ. ಇಂದಿಗೂ ಈ ನಗರದ ವೈದ್ಯಕೀಯ ವಿದ್ಯಾರ್ಥಿಗಳು ಕಲಿಯುವುದು ಅದೇ ಗೆರೆಯನ್ನು.

ಚಿಕಿತ್ಸೆ ಮತ್ತು ಕಾಲದ ಬೆಲೆ

ಮಗು ಊರುಗೋಲಿನ ನೆರವಿನಿಂದಲಾದರೂ ಕಾಲೂರಿ ನಡೆಯಬಲ್ಲದೇ ಎಂಬುದರ ಮೇಲೆ ಈ ಕಾಯಿಲೆಯನ್ನು ಸ್ಥಿರ ಮತ್ತು ಅಸ್ಥಿರ ಎಂದು ವಿಂಗಡಿಸುತ್ತಾರೆ. ಅಮೆರಿಕದ ರ‍್ಯಾಂಡಲ್ ಲೋಡರ್ ಮತ್ತು ಸಂಗಡಿಗರು 1993ರಲ್ಲಿ ಈ ವಿಂಗಡಣೆಯನ್ನು ಮುಂದಿಟ್ಟರು. ಅವರ ರೋಗಿಗಳಲ್ಲಿ ಅಸ್ಥಿರ ಗುಂಪಿನ 47% ಮಕ್ಕಳಿಗೆ ತೊಡೆಮೂಳೆಯ ತಲೆಗೆ ರಕ್ತಪೂರೈಕೆ ಕಡಿದು ಮೂಳೆ ಸತ್ತುಹೋಯಿತು. ಸ್ಥಿರ ಗುಂಪಿನಲ್ಲಿ ಒಬ್ಬರಿಗೂ ಹಾಗಾಗಲಿಲ್ಲ. ನಂತರದ ವರದಿಗಳಲ್ಲಿ ಅಸ್ಥಿರ ಗುಂಪಿನ ಈ ಪ್ರಮಾಣ ಕಡಿಮೆಯಾಗಿದೆ, ಆದರೂ ವ್ಯತ್ಯಾಸ ದೊಡ್ಡದೇ. ಇವತ್ತು ಕುಂಟುತ್ತ ನಡೆದು ಬಂದ ಮಗು ಸ್ಥಿರ ಗುಂಪಿಗೆ ಸೇರಿದ್ದು. ನಾಳೆ ಅದು ಮೆಟ್ಟಿಲಿನ ಮೇಲೆ ಕುಸಿದರೆ ಅಸ್ಥಿರ ಗುಂಪಿಗೆ ಸೇರಿತು. ನನ್ನ ಆ ಹುಡುಗನಿಗೆ ಆದದ್ದು ಅದೇ.

ಸ್ಥಿರ ಜಾರುವಿಕೆಗೆ ಚಿಕಿತ್ಸೆ ಸರಳ: ಎಕ್ಸ್‌ರೇ ನೋಡಿಕೊಂಡು, ಚಿಕ್ಕ ಗಾಯದ ಮೂಲಕ ಒಂದು ಟೊಳ್ಳು ಸ್ಕ್ರೂವನ್ನು ಕತ್ತಿನಿಂದ ತಲೆಯೊಳಕ್ಕೆ ತೂರಿಸಿ, ತಲೆ ಇದ್ದ ಜಾಗದಲ್ಲೇ ನಿಲ್ಲುವಂತೆ ಮಾಡುತ್ತಾರೆ. ಹೆಚ್ಚು ಜಾರಿದ್ದರೆ ಮೂಳೆಯನ್ನು ಕತ್ತರಿಸಿ ಸರಿಹೊಂದಿಸುವ ದೊಡ್ಡ ಶಸ್ತ್ರಚಿಕಿತ್ಸೆ ಬೇಕಾಗಬಹುದು. ಕನಿಷ್ಠ ಐವರಲ್ಲಿ ಒಬ್ಬರಿಗೆ ಇನ್ನೊಂದು ಪಕ್ಕದಲ್ಲೂ ತಲೆ ಜಾರುತ್ತದೆ. ಆದ್ದರಿಂದ ಆರೋಗ್ಯವಾಗಿರುವ ಪಕ್ಕಕ್ಕೂ ಮುನ್ನೆಚ್ಚರಿಕೆಯಾಗಿ ಸ್ಕ್ರೂ ಹಾಕಬೇಕೇ ಎಂಬ ಪ್ರಶ್ನೆ ಏಳುತ್ತದೆ; ಮಗುವಿನ ವಯಸ್ಸು ಮತ್ತು ಇತರ ಕಾಯಿಲೆಗಳನ್ನು ನೋಡಿ ತೀರ್ಮಾನಿಸುತ್ತಾರೆ. ಲಂಡನ್ನಿನಲ್ಲಿ ಗ್ರೇಟ್ ಆರ್ಮಂಡ್ ಸ್ಟ್ರೀಟ್, ಸ್ಟ್ಯಾನ್‌ಮೋರಿನ ರಾಯಲ್ ನ್ಯಾಷನಲ್ ಆರ್ಥೊಪೀಡಿಕ್, ಬಸವೇಶ್ವರ ಪ್ರತಿಮೆಯಿಂದ ಕಾಲ್ನಡಿಗೆಯ ದೂರದಲ್ಲಿರುವ ಎವೆಲಿನಾ ಮಕ್ಕಳ ಆಸ್ಪತ್ರೆ ಮೊದಲಾದೆಡೆ ಮಕ್ಕಳ ಮೂಳೆತಜ್ಞರಿದ್ದಾರೆ. ಪರಿಣತಿಗೆ ಇಲ್ಲಿ ಕೊರತೆಯಿಲ್ಲ. ಮಗು ಆ ಬಾಗಿಲವರೆಗೆ ತಲುಪುವುದೇ ತಡವಾಗುತ್ತದೆ. ತಡವಾದರೆ ಕೀಲು ವಿಕಾರಗೊಂಡು, ಇನ್ನೂ ತಾರುಣ್ಯದಲ್ಲೇ ಕೀಲುಸವೆತ ಬಂದು, ಕೃತಕ ಕೀಲು ಹಾಕಿಸಿಕೊಳ್ಳುವ ಪರಿಸ್ಥಿತಿ ಬರಬಹುದು.

ಬಾಗಿದ ಕಾಲು

ಎರಡನೆಯದು ಬ್ಲೌಂಟ್ ಕಾಯಿಲೆ. ಅಮೆರಿಕದ ಮಿಲ್ವಾಕಿಯ ವಾಲ್ಟರ್ ಬ್ಲೌಂಟ್ 1937ರಲ್ಲಿ ಇದನ್ನು ವಿವರವಾಗಿ ನಿರೂಪಿಸಿದರು. ಬೆಳವಣಿಗೆಯ ಫಲಕದ ಮೇಲೆ ಅತಿಯಾದ ಒತ್ತಡ ಬಿದ್ದರೆ ಅಲ್ಲಿ ಬೆಳವಣಿಗೆ ಕುಂಠಿತವಾಗುತ್ತದೆ ಎಂಬುದು ಹತ್ತೊಂಬತ್ತನೆಯ ಶತಮಾನದ ಜರ್ಮನ್ ವೈದ್ಯರಾದ ಹ್ಯೂಟರ್ ಮತ್ತು ಫೋಕ್‌ಮನ್ ಅವರ ಹೆಸರಿನಲ್ಲಿರುವ ನಿಯಮ. ಮಂಡಿಯ ಕೆಳಗಿನ ದೊಡ್ಡ ಮೂಳೆಯಾದ ಟಿಬಿಯಾದ ಒಳಪಕ್ಕದಲ್ಲಿ ಹೀಗಾದರೆ, ಹೊರಪಕ್ಕ ಬೆಳೆಯುತ್ತಲೇ ಹೋಗಿ ಕಾಲು ಬಿಲ್ಲಿನಂತೆ ಹೊರಕ್ಕೆ ಬಾಗುತ್ತದೆ. ಬಾಗಿದಷ್ಟೂ ಒಳಪಕ್ಕಕ್ಕೆ ಒತ್ತಡ ಹೆಚ್ಚು. ಒತ್ತಡ ಹೆಚ್ಚಿದಷ್ಟೂ ಬಾಗು ಹೆಚ್ಚು.

ಇದು ನಡೆಯಲು ಕಲಿತ ಪುಟ್ಟ ಮಕ್ಕಳಲ್ಲೂ ಹದಿಹರೆಯದವರಲ್ಲೂ ಕಾಣುತ್ತದೆ. ಆಫ್ರಿಕನ್ ಮೂಲದ ಮಕ್ಕಳಲ್ಲಿ, ಬೇಗ ನಡೆಯಲಾರಂಭಿಸಿದ ಮತ್ತು ತೂಕ ಹೆಚ್ಚಿರುವ ಮಕ್ಕಳಲ್ಲಿ ಹೆಚ್ಚು. ತಂದೆತಾಯಿಯರು ಅನವಶ್ಯಕವಾಗಿ ಗಾಬರಿಯಾಗಬಾರದು: ಎರಡು ವರ್ಷದವರೆಗೆ ಕಾಲು ತುಸು ಹೊರಬಾಗಿರುವುದು, ಮೂರು-ನಾಲ್ಕರಲ್ಲಿ ಮಂಡಿಗಳು ಒಂದಕ್ಕೊಂದು ತಾಗುವಂತಿರುವುದು, ಏಳರ ಹೊತ್ತಿಗೆ ನೇರವಾಗುವುದು ಸಹಜ ಬೆಳವಣಿಗೆ. ಎರಡು ವರ್ಷದ ನಂತರವೂ ಬಾಗು ಹೆಚ್ಚುತ್ತಿದ್ದರೆ, ಒಂದೇ ಕಾಲಿನಲ್ಲಿದ್ದರೆ, ಹೆಜ್ಜೆಯಿಡುವಾಗ ಮಂಡಿ ಹೊರಕ್ಕೆ ಒದರುವಂತೆ ಕಂಡರೆ ತೋರಿಸಬೇಕು. ಬೆಳವಣಿಗೆ ಬಾಕಿಯಿರುವಾಗ ಹೊರಪಕ್ಕದ ಫಲಕಕ್ಕೆ ಸಣ್ಣ ಲೋಹದ ಪಟ್ಟಿಯನ್ನು ಜೋಡಿಸಿ ಆ ಪಕ್ಕದ ಬೆಳವಣಿಗೆಯನ್ನು ತಡೆದರೆ ಕಾಲು ಕ್ರಮೇಣ ನೇರವಾಗಬಹುದು. ತಡವಾದರೆ ಮೂಳೆಯನ್ನೇ ಕತ್ತರಿಸಿ ನೇರಗೊಳಿಸಬೇಕಾಗುತ್ತದೆ. ಇವಲ್ಲದೆ ಬೊಜ್ಜಿರುವ ಮಕ್ಕಳಲ್ಲಿ ಒಳಬಾಗಿದ ಮಂಡಿ, ಚಪ್ಪಟೆ ಪಾದ, ಕಾಲುನೋವುಗಳೂ ಹೆಚ್ಚು.

ಕೊರತೆಯೂ ಹೆಚ್ಚಳವೂ ಒಟ್ಟಿಗೆ

ಮಕ್ಕಳ ಬಾಗಿದ ಕಾಲು ಲಂಡನ್ನಿಗೆ ಹೊಸದಲ್ಲ. ಇಲ್ಲಿನ ರಾಯಲ್ ಕಾಲೇಜ್ ಆಫ್ ಫಿಸಿಷಿಯನ್ಸ್‌ನ ಫ್ರಾನ್ಸಿಸ್ ಗ್ಲಿಸನ್ 1650ರಲ್ಲಿ ರಿಕೆಟ್ಸ್ ಕುರಿತು ಗ್ರಂಥ ಬರೆದ. ವಿಟಮಿನ್ ಡಿ ಕೊರತೆಯಿಂದ ಮೂಳೆ ಮೆತ್ತಗಾಗುವ ಈ ಕಾಯಿಲೆ ಇಪ್ಪತ್ತನೆಯ ಶತಮಾನದಲ್ಲಿ ಬ್ರಿಟನ್ನಿನ ಏಷ್ಯನ್ ಕುಟುಂಬಗಳಲ್ಲಿ ಮತ್ತೆ ಕಾಣಿಸಿಕೊಂಡಾಗ, 1981ರಲ್ಲಿ 'ಸ್ಟಾಪ್ ರಿಕೆಟ್ಸ್' ಎಂಬ ಅಭಿಯಾನವೇ ನಡೆಯಿತು. ನಮ್ಮ ಹಿರಿಯರ ಮನಸ್ಸಿನಲ್ಲಿ ಮೂಳೆಯ ಕಾಯಿಲೆಯೆಂದರೆ ಬಡತನದ, ಅರೆಹೊಟ್ಟೆಯ ಕಾಯಿಲೆ. 'ಚೆನ್ನಾಗಿ ಉಣ್ಣುವ ಮಗುವಿಗೆ ಮೂಳೆಯ ತೊಂದರೆ ಹೇಗೆ?' ಎಂದು ಅಜ್ಜಿಯೊಬ್ಬರು ನನ್ನನ್ನು ನಿಜವಾದ ಅಚ್ಚರಿಯಿಂದ ಕೇಳಿದ್ದುಂಟು.

ಇಂದಿನ ಮಗುವಿನಲ್ಲಿ ಎರಡೂ ಒಟ್ಟಿಗೆ ಇರಬಹುದು. ಬೊಜ್ಜಿರುವವರ ರಕ್ತದಲ್ಲಿ ವಿಟಮಿನ್ ಡಿ ಕಡಿಮೆಯಿರುವುದು ಸಾಮಾನ್ಯ. ನಮ್ಮ ಚರ್ಮದ ಬಣ್ಣ ಮತ್ತು ಲಂಡನ್ನಿನ ಮೋಡ ಅದಕ್ಕೆ ಸೇರಿಕೊಳ್ಳುತ್ತವೆ. ಒಂದರಿಂದ ನಾಲ್ಕು ವರ್ಷದ ಎಲ್ಲ ಮಕ್ಕಳಿಗೂ ದಿನಕ್ಕೆ 10 ಮೈಕ್ರೊಗ್ರಾಂ, ಅಂದರೆ 400 ಯೂನಿಟ್ ವಿಟಮಿನ್ ಡಿ ಕೊಡಬೇಕೆಂದು ಇಲ್ಲಿನ ಸರ್ಕಾರದ ಸಲಹೆಯಿದೆ. ಅದಕ್ಕಿಂತ ದೊಡ್ಡವರಿಗೆ ಚಳಿಗಾಲಕ್ಕೆ ಇದೇ ಪ್ರಮಾಣ. ದಕ್ಷಿಣ ಏಷ್ಯಾ ಮೂಲದವರು ವರ್ಷವಿಡೀ ತೆಗೆದುಕೊಳ್ಳುವುದನ್ನು ಯೋಚಿಸಬೇಕು.

ನಮ್ಮ ಮನೆಗಳ ಲೆಕ್ಕ

ಇಂಗ್ಲೆಂಡಿನ ಸರ್ಕಾರಿ ಶಾಲೆಗಳಲ್ಲಿ 2006ರಿಂದ ರಿಸೆಪ್ಷನ್ ಮತ್ತು ಆರನೆಯ ವರ್ಷದ ಮಕ್ಕಳ ತೂಕ-ಎತ್ತರ ಅಳೆಯಲಾಗುತ್ತಿದೆ. 2023-24ರಲ್ಲಿ ರಿಸೆಪ್ಷನ್ ಮಕ್ಕಳಲ್ಲಿ 9.6% ಮಂದಿಗೆ, ಆರನೆಯ ವರ್ಷದವರಲ್ಲಿ 22.1% ಮಂದಿಗೆ ಬೊಜ್ಜಿತ್ತು. ಅತಿ ಬಡ ಪ್ರದೇಶಗಳಲ್ಲಿ ಈ ಪ್ರಮಾಣ ಶ್ರೀಮಂತ ಪ್ರದೇಶಗಳ ಎರಡು ಪಟ್ಟಿಗಿಂತ ಹೆಚ್ಚು. ಅಳತೆಯ ನಂತರ ಅನೇಕ ಮನೆಗಳಿಗೆ ಒಂದು ಪತ್ರ ಬರುತ್ತದೆ. ಅದನ್ನು ಓದಿ ಅವಮಾನವೆಂದು ಭಾವಿಸಿ ಡ್ರಾಯರಿನಲ್ಲಿಟ್ಟ ಕನ್ನಡದ ಕುಟುಂಬಗಳನ್ನು ನಾನು ಬಲ್ಲೆ.

ಆ ಪತ್ರ ನಮ್ಮ ಮಕ್ಕಳ ವಿಷಯದಲ್ಲಿ ಅಪಾಯವನ್ನು ಕಡಿಮೆಯಾಗಿಯೇ ಹೇಳುತ್ತದೆ. ಟೂಟಿಂಗ್‌ನ ಸೇಂಟ್ ಜಾರ್ಜಸ್‌ನ ಸಂಶೋಧಕರು ತೋರಿಸಿರುವಂತೆ, ಒಂದೇ ದೇಹತೂಕ ಸೂಚ್ಯಂಕವಿದ್ದರೂ ದಕ್ಷಿಣ ಏಷ್ಯಾ ಮೂಲದ ಮಕ್ಕಳ ಮೈಯಲ್ಲಿ ಕೊಬ್ಬು ಹೆಚ್ಚು. ಸರಿಯಾದ ಅಂದಾಜಿಗೆ ಅವರ ಸೂಚ್ಯಂಕಕ್ಕೆ ಸುಮಾರು ಒಂದು ಅಂಶವನ್ನು ಕೂಡಿಸಬೇಕಾಗುತ್ತದೆ. ಮನೆಯಲ್ಲಿ ಬಳಸಲು ಸರಳವಾದ ಅಳತೆಯೊಂದಿದೆ: ಐದು ವರ್ಷ ದಾಟಿದ ಮಗುವಿನ ಸೊಂಟದ ಸುತ್ತಳತೆ ಅದರ ಎತ್ತರದ ಅರ್ಧಕ್ಕಿಂತ ಕಡಿಮೆಯಿರಬೇಕು.

ಮೈ ತುಂಬಿಕೊಂಡ ಮಗು ಆರೋಗ್ಯದ ಲಕ್ಷಣವೆಂಬ ಭಾವನೆಗೆ ನಮ್ಮಲ್ಲಿ ಆಳವಾದ ಬೇರುಗಳಿವೆ. 'ಮಗು ಸೊರಗಿದೆ' ಎಂಬ ಮಾತು ತಾಯಿಗೆ ಆರೋಪವಾಗಿ ಕೇಳಿಸುತ್ತದೆ. 'ಗುಂಡುಗುಂಡಗಿದ್ದಾನೆ' ಎಂದರೆ ಮೆಚ್ಚುಗೆ. ಊರಿನಿಂದ ಆರು ತಿಂಗಳಿಗೆ ಬಂದ ಅಜ್ಜಿ ಪ್ರೀತಿಯಿಂದ ಕೊಡುವ ಕೋಡುಬಳೆ, ಚಕ್ಕುಲಿ, ಪೇಡೆಗಳನ್ನು ನಿಷೇಧಿಸಬೇಕೆಂದು ನಾನು ಹೇಳುವುದಿಲ್ಲ. ನಾವು ಇಲ್ಲಿ ಎರಡು ಆಹಾರ ಪದ್ಧತಿಗಳನ್ನು ಒಂದರ ಮೇಲೊಂದು ಪೇರಿಸಿದ್ದೇವೆ, ಅದನ್ನಷ್ಟೇ ಗಮನಿಸಬೇಕು. ಶಾಲೆಯಿಂದ ಬಂದೊಡನೆ ಕ್ರಿಸ್ಪ್ಸ್ ಮತ್ತು ಜ್ಯೂಸ್, ರಾತ್ರಿ ತುಪ್ಪದ ಅನ್ನ-ಸಾರು, ವಾರಾಂತ್ಯಕ್ಕೆ ಒಂದು ಹುಟ್ಟುಹಬ್ಬ, ಒಂದು ಹಬ್ಬದೂಟ. ಹನ್ನೊಂದು ವರ್ಷ ದಾಟಿದವರಿಗೂ ದಿನಕ್ಕೆ 30 ಗ್ರಾಂಗಿಂತ ಹೆಚ್ಚು ಬೆರೆಸಿದ ಸಕ್ಕರೆ ಸಲ್ಲದು, 330 ಮಿ.ಲೀ. ಮಾಮೂಲಿ ಕೋಲಾದ ಒಂದೇ ಡಬ್ಬಿಯಲ್ಲಿ 35 ಗ್ರಾಂ ಇದೆ. ಹಣ್ಣಿನ ರಸವೂ ದಿನಕ್ಕೆ 150 ಮಿ.ಲೀ. ಮೀರಬಾರದು. ಸರಾಸರಿ ದಿನಕ್ಕೆ ಒಂದು ಗಂಟೆ ಮೈದಣಿಯುವ ಚಟುವಟಿಕೆ ಬೇಕು. ಟ್ಯೂಷನ್ನಿನಿಂದ ಸಂಗೀತ ಪಾಠಕ್ಕೆ ಕಾರಿನಲ್ಲಿ ಸಾಗುವ ಮಕ್ಕಳಿಗೆ ಆ ಗಂಟೆ ಸಿಗುತ್ತಿಲ್ಲ.

ಇದು ಇಡೀ ಮನೆಯ ಕೆಲಸ. ಮಗುವೊಂದನ್ನೇ ತಟ್ಟೆಯ ಮುಂದೆ ಅಪರಾಧಿಯಂತೆ ಕೂರಿಸಬಾರದು. ತೀವ್ರ ಬೊಜ್ಜಿನಿಂದ ತೊಡಕುಗಳಾಗಿರುವ ಮಕ್ಕಳಿಗಾಗಿ ಎನ್‌ಎಚ್‌ಎಸ್ 2021ರಿಂದ ವಿಶೇಷ ಕ್ಲಿನಿಕ್‌ಗಳನ್ನು ತೆರೆದಿದೆ. ಕುಟುಂಬ ವೈದ್ಯರನ್ನು ಕೇಳಿ.

ಕುಂಟುವ ಮಗುವಿಗೆ

ಕೊನೆಯದಾಗಿ, ನೆನಪಿಡಬೇಕಾದದ್ದು. ಎಂಟರಿಂದ ಹದಿನಾರರೊಳಗಿನ ಮಗು ಮಂಡಿ, ತೊಡೆ ಅಥವಾ ತೊಡೆಸಂದಿನ ನೋವೆಂದು ಹೇಳಿ ಕುಂಟುತ್ತಿದ್ದರೆ ಅದೇ ದಿನ ಕುಟುಂಬ ವೈದ್ಯರಿಗೆ ಅಥವಾ 111ಕ್ಕೆ ಕರೆ ಮಾಡಿ. ಕಾಲೂರಲಾಗದಿದ್ದರೆ ನೇರವಾಗಿ ತುರ್ತು ವಿಭಾಗಕ್ಕೆ ಹೋಗಿ. ಎಣ್ಣೆ ಹಚ್ಚಿ ತಿಕ್ಕುವುದು, ಯೋಗಾಸನ, 'ನಡೆದಾಡಿದರೆ ಸಡಿಲವಾಗುತ್ತದೆ' ಎಂಬ ಒತ್ತಾಯ ಬೇಡ. ಪರೀಕ್ಷೆಯಾಗುವವರೆಗೆ ಆ ಕಾಲಿನ ಮೇಲೆ ಭಾರ ಬೀಳಬಾರದು. ತೆಳ್ಳಗಿನ ಮಗುವಾದರೂ ನಿಯಮ ಇದೇ.

ವೈದ್ಯರು ಮಂಡಿಯನ್ನಷ್ಟೇ ನೋಡಿ, ತೂಕದ ಮಾತಾಡಿ ಕಳುಹಿಸಲು ಹೊರಟರೆ, ಸಂಕೋಚಪಡದೆ ಒಂದು ಪ್ರಶ್ನೆ ಕೇಳಿ: 'ಸೊಂಟದ ಕೀಲನ್ನು ಪರೀಕ್ಷಿಸಿದಿರಾ? ಎಕ್ಸ್‌ರೇ ಬೇಕೇ?' ಒಳ್ಳೆಯ ವೈದ್ಯರು ಅದಕ್ಕೆ ಬೇಸರಿಸುವುದಿಲ್ಲ. ಅಂದು ಆ ತಾಯಿ ನನ್ನನ್ನು ಹಾಗೆ ಕೇಳಿದ್ದರೆ ನಾನು ಖಂಡಿತ ತೊಡೆಯನ್ನು ತಿರುಗಿಸಿ ನೋಡುತ್ತಿದ್ದೆ. ಆ ಹುಡುಗ ಈಗ ಮೂವತ್ತೇಳರ ಆಸುಪಾಸಿನವನಾಗಿರುತ್ತಾನೆ. ಅಂದಿನಿಂದ ಮಂಡಿನೋವೆಂದು ಬಂದ ಯಾವ ಮಗುವಿನ ಸೊಂಟವನ್ನೂ ನಾನು ನೋಡದೆ ಕಳುಹಿಸಿಲ್ಲ.